ಮೂಡು ದಿಕ್ಕಿನ ಕಡಲು

1983ರ ಜೂನ್ ಮೊದಲ ವಾರ ಮಂಗಳೂರಿನ ರೈಲಿನಿಂದ ಮದ್ರಾಸ್ ಸೆಂಟ್ರಲ್‌ನಲ್ಲಿ ಇಳಿದ ಹುಡುಗನ ಬಳಿ ಒಂದು ತಗಡಿನ ಟ್ರಂಕು, ಚಾಪೆಯಲ್ಲಿ ಸುತ್ತಿದ ಹಾಸಿಗೆ, ಹಲಸಿನ ಹಪ್ಪಳದ ಕಟ್ಟು ಮತ್ತು ಮರದ ಹಿಡಿಯ ಉದ್ದನೆಯ ಕರಿ ಕೊಡೆ ಇದ್ದವು. ಕೊಡೆ ಅಮ್ಮನ ಹಟ. ಕುಂದಾಪುರದ ಕಡೆ ಜೂನ್ ಹುಟ್ಟಿತೆಂದರೆ ಕೊಡೆಯಿಲ್ಲದೆ ಬಚ್ಚಲಿಗೂ ಹೋಗುವ ಹಾಗಿಲ್ಲ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಂದೇ ದಿನ ಎಂದು ಅಲ್ಲಿನ ಮಕ್ಕಳು ನಂಬಿಕೊಂಡೇ ಬೆಳೆಯುತ್ತಾರೆ. ಸೆಂಟ್ರಲ್‌ನ ಕೆಂಪು ಕಟ್ಟಡದಿಂದ ಹೊರಗೆ ಕಾಲಿಟ್ಟರೆ ಬೆಳಗಿನ ಹೊತ್ತಿಗೇ ರಸ್ತೆ ದೋಸೆ ಕಾವಲಿಯಂತೆ ಕಾದಿತ್ತು. ಕೂಲಿಯವನೊಬ್ಬ ಕೊಡೆಯನ್ನೂ ಆಕಾಶವನ್ನೂ ನೋಡಿ ಏನೋ ಹೇಳಿದ, ಪಕ್ಕದವನು ನಕ್ಕ. ಅರ್ಥವಾಗದಿದ್ದುದೇ ಒಳ್ಳೆಯದಾಯಿತು.

ಆ ಕೊಡೆ ಬಿಚ್ಚಿಕೊಂಡದ್ದು ಅಕ್ಟೋಬರ್ ಕಡೆಗೆ. ಮದ್ರಾಸಿಗೆ ಮಳೆ ತರುವುದು ಈಶಾನ್ಯದ ಮಾರುತ. ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಅದೂ ಕೆಲವೇ ದಿನಗಳಲ್ಲಿ, ಸಿಟ್ಟು ಬಂದವರ ಹಾಗೆ ಸುರಿದು ಮುಗಿಯುತ್ತದೆ. ವರ್ಷವಿಡೀ ಸೇರಿಸಿದರೆ 1400 ಮಿ.ಮೀ. ಆಸುಪಾಸು, ಕರಾವಳಿಯಲ್ಲಿ ಅಷ್ಟು ಸುರಿಸಲು ಒಳ್ಳೆಯ ಜುಲೈ ತಿಂಗಳೊಂದೇ ಸಾಕು. ಹಾಗಾಗಿ ಮನೆಯ ಪತ್ರದಲ್ಲಿ ‘ಇಲ್ಲಿ ವಿಪರೀತ ಮಳೆ’ ಎಂದು ಬರುವಾಗ ಇಲ್ಲಿ ಬನಿಯನ್ ಹಿಂಡಿದರೆ ಬೆವರು. ಇಲ್ಲಿ ಮೊಣಕಾಲುದ್ದ ನೀರು ದಾಟಿ ಬಂದು ಉತ್ತರ ಬರೆಯಲು ಕೂತರೆ ಅಲ್ಲಿ ಕೊಯ್ಲು ಮುಗಿದು ಅಂಗಳಕ್ಕೆ ಸಗಣಿ ಸಾರಿಸುವ ಹೊತ್ತು.

ಅವನನ್ನು ಮಾಣಿ ಎನ್ನೋಣ. ಅದು ಹೆಸರಲ್ಲ, ಆ ಕಡೆ ಗಂಡುಹುಡುಗರನ್ನೆಲ್ಲ ಕರೆಯುವುದೇ ಹಾಗೆ. ಟ್ರಿಪ್ಲಿಕೇನಿನ ಮ್ಯಾನ್ಶನ್ನಿನ ಕಾವಲುಗಾರನ ಕಿವಿಗೆ ಅದು ‘ಮಣಿ’ ಎಂದು ಬಿತ್ತು. ತಮಿಳು ಬೀದಿಗೆ ನಾಲ್ವರು ಮಣಿಗಳಿರುತ್ತಾರೆ, ಐದನೆಯವನಾಗಿ ಇವನೂ ಸೇರಿಕೊಂಡ. ಶಾಲೆಯ ದಾಖಲೆಯಲ್ಲಿದ್ದ ಉದ್ದನೆಯ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು. ಈಗ ಅವನ ತಲೆ ಬೆಳ್ಳಗಾಗಿದೆ. ‘ನಾನು’ ಎಂದು ಬರೆಯಲು ಕೂರಿಸಿದರೆ ತನ್ನ ಪೆದ್ದುತನಗಳನ್ನೆಲ್ಲ ಬಚ್ಚಿಟ್ಟಾನು ಎಂಬ ಅನುಮಾನದಿಂದ ಇಲ್ಲಿ ಅವನನ್ನು ನಾಲ್ಕು ಮಾರು ದೂರ ನಿಲ್ಲಿಸಿಯೇ ನೋಡಲಾಗಿದೆ.

ಅವನ ಅಜ್ಜನ ಪಾಲಿಗೆ ಮದ್ರಾಸು ಪರವೂರೇ ಅಲ್ಲ. 1956ರ ನವೆಂಬರ್ 1ರಂದು ಕೈ ಬದಲಾಗುವವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ ಜಿಲ್ಲೆ. ಜಾಗದ ತಕರಾರು ಮೇಲಿನ ಕೋರ್ಟಿಗೆ ಹೋದರೆ ಮದ್ರಾಸು, ದೊಡ್ಡ ಓದೆಂದರೆ ಮದ್ರಾಸು. ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿದ್ದೂ ಮದ್ರಾಸು ವಿಶ್ವವಿದ್ಯಾಲಯವೇ. ಊರಿನಿಂದ ಅಲ್ಲಿಗೆ ಹೋದವರಲ್ಲಿ ಎರಡು ಬಗೆ: ಓದಲು ಹೋದವರು, ಮನೆಯಲ್ಲಿ ಹೇಳದೆ ಓಡಿಹೋದವರು. ಎರಡನೆಯ ಬಗೆಯವರು ಹೆಚ್ಚಾಗಿ ಹೋಟೆಲಿನ ಹಿಂಬಾಗಿಲಿನಿಂದ ಆ ನಗರದೊಳಗೆ ಬಂದರು.

ಆ ಹಿಂಬಾಗಿಲಿನ ದೊಡ್ಡ ಹೆಸರು ಕೆ. ಕೃಷ್ಣರಾಯರದು. 1898ರಲ್ಲಿ ಕಡಂದಲೆಯಲ್ಲಿ ಹುಟ್ಟಿ, ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದು, 1920ರ ದಶಕದಲ್ಲಿ ಮದ್ರಾಸಿಗೆ ಬಂದು ಜಾರ್ಜ್ ಟೌನಿನ ಹೋಟೆಲಿನಲ್ಲಿ ಕೈಯಾಳಾಗಿದ್ದವರು. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆ ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. ಸುತ್ತ ಮರಗಳಿದ್ದ ಬಂಗಲೆ, ಹೆಸರು ಅಲ್ಲಿಂದಲೇ ಬಂತು. ಮುಂದೆ ಅದು ದೇಶದ ಆಚೆಗೂ ಹೋಯಿತು. ಮಾಣಿಯ ಸೋದರಮಾವನಿಗೆ ಈ ಕಥೆ ಬಾಯಿಪಾಠ. ಆದರೆ ಹೇಳುವಾಗ ಬಂಗಲೆಗಿಂತ ಮುಂಚಿನ ಭಾಗ, ಪಾತ್ರೆ ತೊಳೆದ ಭಾಗ, ಉದ್ದವಾಗುತ್ತಿತ್ತು. ಸ್ವತಃ 1958ರಲ್ಲಿ ಹನ್ನೆರಡು ವರ್ಷಕ್ಕೆ ಬಂದವನು. ಹಗಲು ಕ್ಲೀನರ್, ರಾತ್ರಿ ಗಿರಾಕಿಗಳು ಹೋದ ಮೇಲೆ ಊಟದ ಮೇಜನ್ನೇ ಒರೆಸಿ ಮಲಗುವುದು. ಆಮೇಲೆ ಸಪ್ಲೈಯರ್. ಮಾಣಿ ಬರುವ ಹೊತ್ತಿಗೆ ಮೈಲಾಪುರದ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ತಮಿಳನ್ನು ನೀರು ಕುಡಿದ ಹಾಗೆ ಆಡುತ್ತಿದ್ದ, ಒಂದಕ್ಷರ ಓದಲು ಬರುತ್ತಿರಲಿಲ್ಲ.

ಮೊದಲ ದಿನ ಅವನು ಕೊಟ್ಟ ಬುದ್ಧಿವಾದ ಒಂದೇ ಸಾಲಿನದು. “ಹಸಿವಿಗ್ ಹೆದ್ರಬೇಡ ಮಾಣಿ. ಇಲ್ ಹೆದ್ರುದಿದ್ರೆ ನೀರಿಗ್ ಹೆದ್ರ್.”

ಪ್ಯಾರಿಸ್ ಕಾರ್ನರಿನ ಒಂದು ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ವಾಸ ಟ್ರಿಪ್ಲಿಕೇನಿನಲ್ಲಿ, ತಮಿಳರ ಬಾಯಲ್ಲಿ ತಿರುವಲ್ಲಿಕ್ಕೇಣಿ. ಮೊದಲ ಭಾನುವಾರ ಸಂಜೆ ಒಬ್ಬನೇ ನಡೆದು ಮರೀನಾಕ್ಕೆ ಹೋದ. ಊರಿನ ಕೋಡಿ ಕಡಲ ದಂಡೆಯಲ್ಲಿ ಕೂತು ಹೊತ್ತು ಮುಳುಗುವುದನ್ನು ನೋಡಿದ ಅಭ್ಯಾಸ. ಇಲ್ಲಿಯೂ ಮರಳಿನಲ್ಲಿ ಕಡಲಿಗೆ ಮುಖ ಮಾಡಿ ಕೂತ. ಕೂತೇ ಕೂತ. ಸೂರ್ಯನ ಸುದ್ದಿಯಿಲ್ಲ, ಕಡಲ ಕಡೆಯಿಂದಲೇ ಕತ್ತಲೆ ಬರತೊಡಗಿತು. ಗಾಬರಿಯಾಗಿ ತಿರುಗಿ ನೋಡಿದರೆ ಬೆನ್ನ ಹಿಂದೆ ಪ್ರೆಸಿಡೆನ್ಸಿ ಕಾಲೇಜಿನ ಆಚೆ ಆಕಾಶ ಕೆಂಪಾಗಿ, ಸೂರ್ಯ ಕಟ್ಟಡಗಳ ಸಂದಿಯಲ್ಲಿ ಇಳಿದಾಗಿತ್ತು. ಭೂಗೋಳದ ಪುಸ್ತಕದಲ್ಲಿ ಬಂಗಾಳ ಕೊಲ್ಲಿ ಎಲ್ಲಿದೆಯೆಂದು ನೂರು ಸಲ ಗುರುತು ಮಾಡಿದ್ದವನಿಗೆ ಅದು ಮೈಗೆ ತಿಳಿದದ್ದು ಅವತ್ತು.

ಇದು ನಗುವ ಮಾತಾದರೂ ತಿಂಗಳುಗಟ್ಟಲೆ ಕಾಡಿತು. ಕರಾವಳಿಯವರಿಗೆ ದಿಕ್ಕೆಂದರೆ ಕಡಲು ಮತ್ತು ಘಟ್ಟ. ಹೊತ್ತು ಮೂಡುವ ಕಡೆ ಮೂಡು, ಅಲ್ಲಿ ಘಟ್ಟ; ಹೊತ್ತು ಬೀಳುವ ಕಡೆ ಪಡು, ಅಲ್ಲಿ ಕಡಲು. ಪಡುಬಿದ್ರಿ ಕಡಲ ಬದಿಗೆ, ಮೂಡುಬಿದಿರೆ ಒಳನಾಡಿಗೆ. ಊರಿನ ಹೆಸರಿನಲ್ಲೇ ನಕ್ಷೆಯಿದೆ. ತಮಿಳಿನಲ್ಲಿ ಪೂರ್ವಕ್ಕೆ ಕಿಳಕ್ಕು, ಪಶ್ಚಿಮಕ್ಕೆ ಮೇರ್ಕು. ಕಿಳಕ್ಕು ಎಂಬುದರ ಒಳಗೆ ಇರುವುದು ನಮ್ಮ ‘ಕೆಳಗೆ’, ಮೇರ್ಕು ಒಳಗೆ ‘ಮೇಲೆ’. ನೆಲ ಇಳಿದುಹೋಗುವ ಕಡೆ, ನೆಲ ಏರುವ ಕಡೆ. ಪಶ್ಚಿಮದ ಬೆಟ್ಟಗಳಿಂದ ಪೂರ್ವದ ಕಡಲಿಗೆ ಜಾರುವ ನಾಡಿಗೆ ಅದು ಸರಿಯಾದ ಮಾತೇ. ಆದರೆ ಘಟ್ಟದ ಕೆಳಗೆ ಹುಟ್ಟಿದವನಿಗೆ ‘ಕೆಳಗೆ’ ಎಂದರೆ ಪಡುವಣ. ಯಾರಾದರೂ ದಾರಿ ಹೇಳುತ್ತ ‘ಕಿಳಕ್ಕಾಲೆ ಪೋ’ ಎಂದರೆ ಮಾಣಿಯ ಕಾಲು ಒಂದು ಕಡೆ, ತಲೆ ಇನ್ನೊಂದು ಕಡೆ. ಜಾರ್ಜ್ ಟೌನಿನ ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿಗಳು ಅಕ್ಕಪಕ್ಕ ಒಂದೇ ಅಚ್ಚಿನಂತಿವೆ. ಬಿಲ್ಲು ಕೊಡಲು ಹೋದವನು ಬಂದರಿನ ಗೇಟಿನ ಎದುರು ನಿಂತು ಬೆವರು ಒರೆಸಿಕೊಂಡದ್ದು ಎಷ್ಟು ಸಲವೋ.

ಭಾಷೆಯದೂ ಹೀಗೆಯೇ ತಿರುಗುಮುರುಗು. ಮ್ಯಾನ್ಶನ್ನಿನಲ್ಲಿ ಅವನ ಕೋಣೆಯ ಜೊತೆಗಾರ ತಿರುನೆಲ್ವೇಲಿಯ ಕಡೆಯವನು, ಬೆಟ್ಟಿಂಗ್ ಕಟ್ಟಿದವರ ಹಾಗೆ ತಮಿಳು ಕಲಿಸಲು ಹೊರಟ. ಒಂದು ವಾರದಲ್ಲಿ ಮಾಣಿಯೇ ಒಂದು ಸೂತ್ರ ಕಂಡುಕೊಂಡ: ಕನ್ನಡದ ಮಾತಿನ ಮೊದಲಿಗೆ ‘ಹ’ ಇದ್ದರೆ ತೆಗೆದು ‘ಪ’ ಹಾಕು. ಹಾಲು ಪಾಲ್ ಆಯಿತು, ಹುಳಿ ಪುಳಿ ಆಯಿತು, ಹೂವು ಪೂ, ಹಲ್ಲು ಪಲ್, ಹತ್ತು ಪತ್ತು, ಹಣ ಪಣಂ. ಹಳಗನ್ನಡದ ಪಾಠದಲ್ಲಿ ಮೇಷ್ಟ್ರು ‘ಪಕಾರಕ್ಕೆ ಹಕಾರ’ ಎಂದು ಬೆತ್ತ ಹಿಡಿದು ಕಲಿಸಿದ್ದು ಇಷ್ಟು ದೂರ ಬಂದು ಹಾಲಿನ ಡಿಪೋದ ಎದುರು ಕೆಲಸಕ್ಕೆ ಬಂತು. ಸೂತ್ರ ಸಿಕ್ಕ ಖುಷಿಯಲ್ಲಿ ಅವನು ಕಚೇರಿಯ ಹಿರಿಯ ಗುಮಾಸ್ತರ ಬಳಿ, ತನ್ನ ಹಳ್ಳಿ ಬಹಳ ಚೆಂದ ಎಂದು ಹೇಳಹೊರಟು ‘ಎನ್ ಪಳ್ಳಿ ರೊಂಬ ಅಳಗು’ ಎಂದ. ತಮಿಳಿನಲ್ಲಿ ಪಳ್ಳಿ ಎಂದರೆ ಶಾಲೆ. ಅದೂ ಅವನ ಳಕಾರ ನಾಲಗೆಯಲ್ಲಿ ಮಡಚಿಕೊಂಡು ಪಲ್ಲಿ ಎಂದಾಗಿ, ಹಿರಿಯರು ತಲೆಯೆತ್ತಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದರು. “ಚೆಂದವಿದೆಯಪ್ಪ, ನಿನ್ನದೇ ಇಟ್ಟುಕೊ” ಎಂಬರ್ಥದ ಮಾತು ಹೇಳಿ ಲೆಜರಿಗೆ ಮರಳಿದರು.

ಸೂತ್ರ ಹಬ್ಬಕ್ಕೆ ಕೈಕೊಟ್ಟಿತು, ಅದು ಪಂಡಿಗೈ. ಹಾವು ಪಾಂಬು. ಊರಿನಲ್ಲಿ ಅನ್ನಕ್ಕೆ ಕಲಸುವ ಸಾರು ಇಲ್ಲಿ ರಸಂ. ಇಲ್ಲಿ ‘ಸಾರು’ ಎಂದರೆ ಹಣ್ಣಿನದೋ ಕಬ್ಬಿನದೋ ರಸ. ಅದಲುಬದಲು ಮಾಡಿಟ್ಟವರು ಯಾರೋ!

ಓದುವುದು ಇನ್ನೊಂದು ಪೇಚು. ಪಲ್ಲವನ್ ಬಸ್ಸುಗಳ ಫಲಕದಲ್ಲಿ ನಂಬರನ್ನೇನೋ ಓದಬಹುದು, ಎಲ್ಲಿಗೆಂಬುದು ತಮಿಳಿನಲ್ಲಿ. ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ಟಿನಲ್ಲಿ ಹಳೆಯ ಪುಸ್ತಕದ ಅಂಗಡಿಯಿಂದ ಒಂದನೇ ತರಗತಿಯ ತಮಿಳು ಪಠ್ಯವನ್ನು ಕೊಂಡು ತಂದ. ಅಕ್ಷರ ಕಡಿಮೆ, ವ್ಯಂಜನ 18 ಮಾತ್ರ. ನಮ್ಮ ಕ ಖ ಗ ಘ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಬರೆಯುವವನಿಗೆ ಸುಖ, ಓದುವವನ ಪಾಡು ಬೇರೆ. ಬೀಚ್ ರಸ್ತೆಯ ಫಲಕದಲ್ಲಿ ‘ಕಾಂತಿ’ ಎಂದು ಓದಿ ಯಾರಿವಳು ಎಂದುಕೊಂಡರೆ ಅವರು ಗಾಂಧಿ. ಕೆಲವು ತಿಂಗಳಾದ ಮೇಲೆ ಸಿನಿಮಾ ಪೋಸ್ಟರುಗಳು ಉಳಿದದ್ದನ್ನು ಕಲಿಸಿದವು. “ಬೆಂಗಳೂರಿನ ಬಸ್ ಕಂಡಕ್ಟರ್ ಕಲಿತು ನಮಗೇ ಡೈಲಾಗ್ ಹೊಡೆಯುತ್ತಿದ್ದಾನೆ, ನಿನಗೇನು ಕಷ್ಟ?” ಎಂದು ಜೊತೆಗಾರ ರಜನಿಕಾಂತರ ಉದಾಹರಣೆ ಕೊಡುತ್ತಿದ್ದ. ಅದಕ್ಕೆ ಉತ್ತರವಿರಲಿಲ್ಲ. ಆ ಪಠ್ಯಪುಸ್ತಕ ಮಾಣಿಯ ಬಳಿ ಈಗಲೂ ಇದೆ. ಮಾರಿದ ಅಂಗಡಿ ಇಲ್ಲ. 1985ರ ಮೇ 30ರಂದು ಮೂರ್ ಮಾರ್ಕೆಟ್ ಸುಟ್ಟುಹೋಯಿತು. ಆ ಜಾಗದಲ್ಲಿ ಈಗ ಲೋಕಲ್ ರೈಲುಗಳು ಬಂದು ನಿಲ್ಲುತ್ತವೆ.

ಇನ್ನು ನೀರು.

ಟ್ರಿಪ್ಲಿಕೇನಿನ ಮ್ಯಾನ್ಶನ್ ಎಂದರೆ ಹೆಸರು ಕೇಳಿ ಮೋಸಹೋಗಬಾರದು. ಮೂರು ಮಹಡಿ, ಉದ್ದನೆಯ ಓಣಿ, ಓಣಿಯ ಎರಡೂ ಬದಿ ಬೆಂಕಿಪೊಟ್ಟಣದಂಥ ಕೋಣೆಗಳು, ಕೋಣೆಗೆ ಮೂವರು ಬ್ರಹ್ಮಚಾರಿಗಳು. ಕೆಳಗೆ ಒಂದು ತೊಟ್ಟಿ, ಒಂದು ಕೈಪಂಪು. ಬಾವಿಯ ನೀರು ಉಪ್ಪು. ಸೋಪು ನೊರೆ ಬಿಡುತ್ತಿರಲಿಲ್ಲ, ಮೈಗೆ ಹಾಕಿಕೊಂಡರೆ ಒಣಗಿದ ಮೇಲೆ ಬಿಳಿ ಗೆರೆ. ನಲ್ಲಿಯ ಸಿಹಿನೀರು ಬರುವುದು ಬೆಳಗಿನ ಜಾವ, ಬಂದರೆ. ಕಾವಲುಗಾರ ಓಣಿಯುದ್ದಕ್ಕೂ ಬಾಗಿಲು ಬಡಿಯುತ್ತ ಹೋಗುತ್ತಿದ್ದ, “ತಣ್ಣಿ ವಂದಾಚ್ಚು, ತಣ್ಣಿ ವಂದಾಚ್ಚು.” ಆ ಕೂಗಿಗೆ ನಲವತ್ತು ಬಾಗಿಲು ಒಟ್ಟಿಗೆ ತೆರೆದು ಮೆಟ್ಟಿಲ ಮೇಲೆ ಬಕೆಟ್ಟುಗಳ ಜಾತ್ರೆ. ಮನೆಯಂಗಳದ ಬಾವಿಗೆ ಕೊಡ ಇಳಿಸಿದರೆ ಮಳೆಗಾಲದಲ್ಲಿ ಕೈಗೆ ನೀರು ಸಿಗುವ ಊರಿನವನಿಗೆ, ನೀರಿಗೆ ಗಂಟೆಯಿದೆ ಎಂಬುದೇ ಹೊಸ ವಿದ್ಯೆ. ಹಗಲು ಆಫೀಸಿನಲ್ಲಿ ತೂಕಡಿಕೆ. ಒಮ್ಮೆ ಎದ್ದೇಳದೆ ಮಲಗಿಬಿಟ್ಟ ದಿನ ಎರಡು ಚೊಂಬು ನೀರಿನಲ್ಲಿ ಮುಖ, ಕೈ, ಕಾಲು, ಗಡ್ಡ ಎಲ್ಲ ಮುಗಿಸಿದ. ಮರುದಿನದಿಂದ ಅಷ್ಟರಲ್ಲೇ ಮುಗಿಸಲು ಬರುತ್ತದೆಂಬುದೂ ಗೊತ್ತಾಯಿತು.

ಬಕೆಟ್ಟುಗಳು ಕಳುವಾಗುತ್ತಿದ್ದವು. ಎಲ್ಲರೂ ಬಣ್ಣದಲ್ಲಿ ಹೆಸರು ಬರೆದಿಡುತ್ತಿದ್ದರು. ಮಾಣಿ ತನ್ನ ಬಕೆಟ್ಟಿನ ಮೇಲೆ ಕನ್ನಡದಲ್ಲಿ ಬರೆದ. ಆ ದುಂಡಗಿನ ಅಕ್ಷರ ನೋಡಿ ಮ್ಯಾನ್ಶನ್ ಪೂರ್ತಿ ಅದಕ್ಕೆ ‘ಜಿಲೇಬಿ ಬಕೆಟ್ಟು’ ಎಂದು ಹೆಸರಿಟ್ಟಿತು. ಓದಲು ಯಾರಿಗೂ ಬಾರದು, ಯಾರದೆಂದು ಎಲ್ಲರಿಗೂ ಗೊತ್ತು. ಆರು ವರ್ಷ ಆ ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ.

ನಗರಕ್ಕೆ ನೀರು ಹಂಚಲೆಂದು 1978ರಲ್ಲಿ ಬೇರೆ ಮಂಡಳಿಯೇ ಆಗಿತ್ತು, ಜನರ ಬಾಯಲ್ಲಿ ಮೆಟ್ರೋವಾಟರ್. ಆದರೆ ಮಂಡಳಿ ಮಳೆ ಸುರಿಸುವಂತಿಲ್ಲವಲ್ಲ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ಈ ಕೆರೆಗಳ ಮಟ್ಟ ಎಷ್ಟೆಂಬುದು ಪತ್ರಿಕೆಯಲ್ಲಿ ಬರುತ್ತದೆ. ಮದ್ರಾಸಿನಲ್ಲಿ ನೆಲೆನಿಂತವರು ಅದನ್ನು ರಾಶಿಭವಿಷ್ಯದ ಹಾಗೆ ಓದುತ್ತಾರೆ. 1983ರ ಏಪ್ರಿಲ್‌ನಲ್ಲಿ, ಅಂದರೆ ಮಾಣಿ ಬರುವುದಕ್ಕೆ ಎರಡು ತಿಂಗಳು ಮುಂಚೆ, ಎಂ.ಜಿ.ಆರ್. ಮತ್ತು ಎನ್.ಟಿ. ರಾಮರಾವ್ ಸರಕಾರಗಳು ತೆಲುಗು ಗಂಗೆಯ ಒಪ್ಪಂದ ಮಾಡಿಕೊಂಡಿದ್ದವು. ಕೃಷ್ಣೆಯ ನೀರಿನಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಲಾ 5 ಟಿಎಂಸಿ ಬಿಟ್ಟುಕೊಟ್ಟು ಒಟ್ಟು 15 ಟಿಎಂಸಿ ಮದ್ರಾಸಿಗೆ ಎಂಬ ಲೆಕ್ಕ. ‘ನಿಮ್ಮ ನೀರು ನಾಳೆ ಬರುತ್ತದೆ’ ಎಂದು ಕಾವಲುಗಾರ ಮಾಣಿಯನ್ನು ಚುಡಾಯಿಸುತ್ತಿದ್ದ. ಆ ‘ನಾಳೆ’ ಬಂದದ್ದು 1996ರಲ್ಲಿ, ಪೂಂಡಿಗೆ ಕೃಷ್ಣೆ ಮುಟ್ಟಿದಾಗ. ಅದೇ ವರ್ಷ ಮದ್ರಾಸು ಚೆನ್ನೈ ಆಯಿತು. ಕಾವಲುಗಾರ ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದ.

ಹಸಿವಿಗೆ ಹೆದರಬೇಡ ಎಂಬ ಮಾವನ ಮಾತು ಒಂದೇ ಸಲ ಸುಳ್ಳಾಯಿತು. 1987ರ ಡಿಸೆಂಬರ್ 24ರ ಬೆಳಗಿನ ಜಾವ ಎಂ.ಜಿ.ಆರ್. ತೀರಿಕೊಂಡರು. ಎಂದಿನಂತೆ ನೀರಿಗೆ ಎದ್ದವರಿಗೆ ನೀರಿನ ಬದಲು ಆ ಸುದ್ದಿ ಸಿಕ್ಕಿತು. ಬೆಳಕು ಹರಿಯುವಷ್ಟರಲ್ಲಿ ಅಂಗಡಿಗಳ ಷಟರುಗಳು ಇಳಿದವು, ಬಸ್ಸು ನಿಂತಿತು. ಮೌಂಟ್ ರೋಡಿನ ರಾಜಾಜಿ ಹಾಲಿನ ಕಡೆ ಜನವೆಂದರೆ ಜನ. ಎದೆ ಬಡಿದುಕೊಂಡು ಅಳುವವರು ಒಂದು ಕಡೆ, ಕಲ್ಲು ಬೀಸುವವರು ಇನ್ನೊಂದು ಕಡೆ. ಕೋಣೆಯಲ್ಲಿ ಸ್ಟೌ ಇಡುವುದಕ್ಕೆ ಮ್ಯಾನ್ಶನ್ನಿನಲ್ಲಿ ಅಪ್ಪಣೆಯಿರಲಿಲ್ಲ. ಮೂರು ಹೊತ್ತೂ ಮೆಸ್ಸು, ಹೋಟೆಲು ನಂಬಿದ ನೂರಾರು ಬ್ರಹ್ಮಚಾರಿಗಳಿಗೆ ಅಂದು ಮಧ್ಯಾಹ್ನವೇ ಕಣ್ಣು ಕತ್ತಲೆ. ಮನೆಯಿಂದ ಬಂದ ಹಪ್ಪಳವಿದೆ, ಕರಿಯಲು ಒಲೆಯಿಲ್ಲ. ಹಸೀ ಹಪ್ಪಳವನ್ನೇ ನಾಲ್ಕು ಜನ ಹರಿದು ತಿಂದರು. ಉದ್ದು ಹಲ್ಲಿಗೆ ಅಂಟುತ್ತದೆ, ಹಲಸು ಅಂಟುವುದಿಲ್ಲ ಎಂಬ ಸಣ್ಣ ಸಮಾಧಾನ.

ಮರುದಿನ, ಮರೀನಾದಲ್ಲಿ ಶವಸಂಸ್ಕಾರದ ದಿನ, ಸಂದಿಗೊಂದಿಗಳಲ್ಲಿ ನಡೆದು ಮೈಲಾಪುರ ತಲುಪಿದ. ಹೋಟೆಲಿನ ಮುಂಬಾಗಿಲಿಗೆ ಬೀಗ, ಎಂ.ಜಿ.ಆರ್. ಪಟಕ್ಕೆ ಹಾರ. ಹಿಂಬಾಗಿಲು ತಟ್ಟಿದರೆ ಒಳಗೆ ಒಲೆ ಉರಿಯುತ್ತಿತ್ತು. ಹೋಟೆಲಿನ ಹುಡುಗರಿಗಾಗಿ ಮಾಡಿದ ಗಂಜಿ, ಉಪ್ಪಿನಕಾಯಿ. ಮಾವ ಬಟ್ಟಲಿಗೆ ಬಡಿಸುತ್ತ, ಮೂವತ್ತು ವರ್ಷ ಮದ್ರಾಸಿನಲ್ಲಿದ್ದವನು, ಒಂದು ಮಾತೂ ಆಡದೆ ಕಣ್ಣೊರೆಸಿಕೊಂಡ. ಹಸಿದ ಅಳಿಯನನ್ನು ನೋಡಿ ಅಳುತ್ತಿದ್ದಾನೆಂದು ಮಾಣಿ ಅಂದುಕೊಂಡ. ಅಲ್ಲ. ಅವನು ಎಂ.ಜಿ.ಆರ್.ಗಾಗಿ ಅಳುತ್ತಿದ್ದ.

ಮಾವನ ಇನ್ನೊಂದು ಪ್ರೀತಿ ಕೋಡಂಬಾಕ್ಕಂ. ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೋಗಳಲ್ಲಿ ಬದುಕಿದ್ದ ಕಾಲದಲ್ಲಿ ಅವನು ನರಸಿಂಹರಾಜು, ಬಾಲಕೃಷ್ಣರಿಗೆ ಕಾಫಿ ಕೊಟ್ಟವನಂತೆ. ರಾಜ್‌ಕುಮಾರ್ ಸಂಸಾರ ವರ್ಷಗಟ್ಟಲೆ ಇಲ್ಲೇ ಇತ್ತು. ಪುನೀತ್ 1975ರ ಮಾರ್ಚ್ 17ರಂದು ಹುಟ್ಟಿದ್ದೂ ಇಲ್ಲೇ. ಮಾಣಿ ಬರುವಾಗ ಆ ಕಾಲ ಮುಗಿದು ಬಂದಿತ್ತು. ಉಳಿದದ್ದು ಟಿ. ನಗರ ಹಬೀಬುಲ್ಲಾ ರಸ್ತೆಯ ಕರ್ನಾಟಕ ಸಂಘ, ಅಪರೂಪಕ್ಕೊಂದು ಯಕ್ಷಗಾನ, ಮತ್ತು ಕ್ಯಾಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. 1962ರಲ್ಲಿ ತೆರೆದ ಆ ಹೋಟೆಲಿಗೆ ಕಾರಿನಲ್ಲಿ ಬರಬೇಕೆಂದು ಹೆಸರಿಗಷ್ಟೇ. ಮಾಣಿಯಂಥವರು ನಡೆದೇ ಹೋಗಿ, ಮರದ ಕೆಳಗೆ ಒಂದು ಡಬರಾ ಕಾಫಿಗೆ ಎರಡು ಗಂಟೆ ಕೂರುತ್ತಿದ್ದರು. 2008ರಲ್ಲಿ ಅದು ಮುಚ್ಚಿ, 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಎದ್ದಿತು. ಈಗ ಕೂರಲು ಟಿಕೆಟ್ ಬೇಕು, ಕಾಫಿ ಇಲ್ಲ.

1989ರಲ್ಲಿ ಮದುವೆ. ಬ್ರಹ್ಮಚಾರಿಗೆ ಮನೆ ಕೊಡುವುದಿಲ್ಲ ಎಂಬ ತೊಂದರೆ ಕಳೆಯಿತು, ಹೊಸ ತೊಂದರೆಗಳು ಬಂದವು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್. ಅದನ್ನು ಹೊಂದಿಸಲು ಮಾವನಿಂದ ಸಾಲ. ಮನೆ ತೋರಿಸುವವರು ಕೇಳುತ್ತಿದ್ದ ಪ್ರಶ್ನೆಗಳೂ ವಿಚಿತ್ರ. ಸಂಬಳ ಎಷ್ಟೆಂದು ಯಾರೂ ಕೇಳಲಿಲ್ಲ. ಊರಿನಿಂದ ನೆಂಟರು ಎಷ್ಟು ಬರುತ್ತಾರೆ, ಬಂದರೆ ಎಷ್ಟು ದಿನ ಇರುತ್ತಾರೆ ಎಂದೇ ಎಲ್ಲರ ಪ್ರಶ್ನೆ. ನೆಂಟರೆಂದರೆ ನೀರಿನ ಖರ್ಚು. ಕೊನೆಗೆ ಪಶ್ಚಿಮ ಮಾಂಬಲದಲ್ಲಿ, ಒಬ್ಬ ಪಾಟಿಯ ಮನೆಯ ಮೇಲಿನ ಎರಡು ಕೋಣೆ ಸಿಕ್ಕಿತು. ಪಾಟಿ ಎಂದರೆ ಅಜ್ಜಿ. ಸೊಳ್ಳೆ ಪುಕ್ಕಟೆ.

ಹೆಂಡತಿಯ ಕಷ್ಟ ಅಡುಗೆಮನೆಯಲ್ಲಿ ಶುರುವಾಯಿತು. ಊರಿನಲ್ಲಿ ಮೆಣಸು ಎಂದರೆ ಒಣಮೆಣಸಿನಕಾಯಿ, ಕಾಳುಮೆಣಸು ಬೇರೆ. ಅವಳು ಅಂಗಡಿಯಲ್ಲಿ ಗಂಡನ ಸೂತ್ರದ ಧೈರ್ಯದ ಮೇಲೆ ‘ಮಿಳಗು ಕಾಲ್ ಕಿಲೋ’ ಎಂದಳು. ತಮಿಳಿನಲ್ಲಿ ಮಿಳಗು ಕಾಳುಮೆಣಸು, ಮಿಳಗಾಯ್ ಮೆಣಸಿನಕಾಯಿ. ಅಂಗಡಿಯವನು ಕಾಲು ಕಿಲೋ ಕಾಳುಮೆಣಸು ತೂಗಿ, ಯಾರಿಗೆ ಇಷ್ಟು ನೆಗಡಿ ಎಂದು ಕೇಳಿ ಕಟ್ಟಿಕೊಟ್ಟ. ತಿಂಗಳ ಬಜೆಟ್ಟು ಅಲ್ಲೇ ಏರುಪೇರು. ಕುಚ್ಚಲಕ್ಕಿಯೆಂದು ತಂದ ಪುಳುಂಗಲ್ ಅಕ್ಕಿ ಬಿಳಿಯದು, ಇಡ್ಲಿಗೆ ಸೈ, ಗಂಜಿಗೆ ಅಲ್ಲ. ತೆಂಗಿನೆಣ್ಣೆಯ ಒಗ್ಗರಣೆಯ ಪರಿಮಳ ಕೆಳಗಿಳಿದರೆ ಪಾಟಿ, “ತಲೆಗೆ ಹಚ್ಚುವುದನ್ನು ಬಾಣಲೆಗೆ ಹಾಕುತ್ತೀಯೇನಮ್ಮಾ?” ಎಂದು ನಿಜವಾದ ಕಳವಳದಿಂದ ಕೇಳುತ್ತಿದ್ದಳು. ಆದರೂ ಮಾರ್ಗಳಿ ತಿಂಗಳ ಚಳಿಯಲ್ಲಿ ಬಾಗಿಲ ಮುಂದೆ ಕೋಲ ಹಾಕುವುದನ್ನು, ಚುಕ್ಕಿ ತಪ್ಪದೆ ಗೆರೆ ಸುತ್ತುವುದನ್ನು ಅವಳಿಗೆ ಕಲಿಸಿದವಳು ಅದೇ ಪಾಟಿ. ಗಂಡ ಆರೇಳು ವರ್ಷದಲ್ಲಿ ಕಲಿತ ತಮಿಳನ್ನು ಅವಳು ಎಂಟು ತಿಂಗಳಲ್ಲಿ ಹಿಂದಿಕ್ಕಿದಳು.

1991ರ ಡಿಸೆಂಬರ್ ಬೇರೆಯದೇ ಆದ ತಿಂಗಳು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾದವು, ಮನೆಗಳು ಉರಿದವು, ಜನ ಮಕ್ಕಳುಮರಿ ಕಟ್ಟಿಕೊಂಡು ಓಡಿಬಂದರು. ಅವರ ಚಿತ್ರಗಳು ಮದ್ರಾಸಿನ ಪತ್ರಿಕೆಗಳಲ್ಲಿ ಬರುವಾಗ ಮಾಣಿ ಬಸ್ಸಿನಲ್ಲಿ ಮಾತಾಡುವುದನ್ನೇ ಬಿಟ್ಟ. ಹೆಂಡತಿಗೂ ಬೀದಿಯಲ್ಲಿ ಕನ್ನಡ ಬೇಡ ಎಂದ. ಯಾರೂ ಏನೂ ಮಾಡಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಆದರೆ ಕಚೇರಿಯಲ್ಲಿ ಎಂದೂ ಇಲ್ಲದ ಒಂದು ಮೌನ ಊಟದ ಡಬ್ಬಿ ಬಿಚ್ಚುವಾಗ ಬಂದು ಕೂರುತ್ತಿತ್ತು. ನಾಚಿಕೆಯೋ ಹೆದರಿಕೆಯೋ ಎಂದು ಬಿಡಿಸಿ ಹೇಳಲು ಅವನಿಗೆ ಇವತ್ತಿಗೂ ಆಗುವುದಿಲ್ಲ, ಎರಡೂ ಇದ್ದಿರಬೇಕು.

ಆ ದಿನಗಳಲ್ಲಿ ಅಂಚೆಯಲ್ಲಿ ಬರುವ ‘ಸುಧಾ’ ವಾರಪತ್ರಿಕೆ ಎರಡು ವಾರ ಬರಲಿಲ್ಲ. ಗಲಾಟೆಯಿಂದ ತಪಾಲು ನಿಂತಿರಬೇಕೆಂದುಕೊಂಡರು. ಜನವರಿಯಲ್ಲಿ ಪಾಟಿ ಮೇಲೆ ಬಂದು ಎರಡೂ ಸಂಚಿಕೆ ಕೈಗಿಟ್ಟಳು. ಅಂಚೆಯವನು ಗೇಟಿಗೆ ಸಿಕ್ಕಿಸಿ ಹೋದ ತಕ್ಷಣ ಅವಳೇ ಎತ್ತಿ, ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದಳಂತೆ. “ಜಿಲೇಬಿ ಅಕ್ಷರ ದೂರದಿಂದಲೇ ಕಾಣುತ್ತದೆಯಲ್ಲಪ್ಪ” ಎಂದಳು. ಅದೇ ತಿಂಗಳು ಬಾಡಿಗೆಗೆ ಐವತ್ತು ರೂಪಾಯಿ ಏರಿಸಿದವಳೂ ಅವಳೇ.

ಆಮೇಲೂ ಅಂಥ ದಿನಗಳು ಬಂದವು. 2000ದ ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರರನ್ನು ದೊಡ್ಡಗಾಜನೂರಿನಿಂದ ಎತ್ತಿಕೊಂಡು ಹೋದಾಗ 108 ದಿನ ಮಾಣಿಯ ಮನೆಯಲ್ಲಿ ರೇಡಿಯೋ ಆರಲಿಲ್ಲ. ಆ ಊರು ಇರುವುದೂ ತಮಿಳುನಾಡಿನ ಗಡಿಯೊಳಗೆ, ಇದನ್ನು ಕಚೇರಿಯವರಿಗೆ ವಿವರಿಸಿ ಸಾಕಾಯಿತು. 2016ರ ಸೆಪ್ಟೆಂಬರ್ 12ರಂದು, ಮತ್ತೆ ಕಾವೇರಿ ಗಲಾಟೆಯಲ್ಲಿ, ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿದ್ದು ಗಾಜು ಒಡೆಯಿತು. ನಡುವೆ 2009ರ ಆಗಸ್ಟ್‌ನಲ್ಲಿ ಬೇರೆ ಸುದ್ದಿಯೂ ಇತ್ತು. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಬಟ್ಟೆ ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆದರು. ನಾಲ್ಕೇ ದಿನದಲ್ಲಿ ಇಲ್ಲಿ ಅಯನಾವರದ ಉದ್ಯಾನದಲ್ಲಿ ಸರ್ವಜ್ಞ ಎದ್ದುನಿಂತ. ಮಾಣಿ ಹೆಂಡತಿಯನ್ನು ಕರೆದುಕೊಂಡು ನೋಡಲು ಹೋದ. ಆಟೋದವನು ಕೇಳಿದ ಬಾಡಿಗೆಗೆ ಬೆಚ್ಚಿ ಬಸ್ಸು ಹತ್ತಿದರು. ಮೀಟರಿನ ಹೊಸ ದರ ಬಂದದ್ದು 2013ರಲ್ಲಿ, ಅಲ್ಲಿಯವರೆಗೆ ಮದ್ರಾಸಿನ ಆಟೋದಲ್ಲಿ ಮೀಟರು ಎಂಬುದು ದೃಷ್ಟಿಬೊಟ್ಟಿನ ಹಾಗೆ ಇರುತ್ತಿತ್ತು.

2019ರ ಬೇಸಿಗೆಗೆ ಮಾವ ಇರಲಿಲ್ಲ. ಇದ್ದಿದ್ದರೆ ತನ್ನ ಮಾತು ನಿಜವಾದುದಕ್ಕೆ ತಲೆಯಾಡಿಸುತ್ತಿದ್ದ. ಜೂನ್ ಹೊತ್ತಿಗೆ ನಗರದ ನಾಲ್ಕೂ ಕೆರೆ ಒಣಗಿ ತಳ ಬಿರಿದಿತ್ತು. ಹೋಟೆಲುಗಳು ಮಧ್ಯಾಹ್ನದ ಊಟ ನಿಲ್ಲಿಸಿದವು, ಬಾಳೆಲೆಯ ಬದಲು ಕಾಗದದ ತಟ್ಟೆ ಬಂತು. ಕಂಪನಿಗಳು ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದವು. ಜುಲೈ 12ರಂದು ಜೋಲಾರಪೇಟೆಯಿಂದ ವಿಲ್ಲಿವಾಕ್ಕಕ್ಕೆ 50 ವ್ಯಾಗನ್ನುಗಳ ರೈಲು 25 ಲಕ್ಷ ಲೀಟರ್ ನೀರು ಹೊತ್ತು ಬಂತು. ವ್ಯಾಗನ್ನಿನೊಳಗೆ ಇದ್ದುದು ಕಾವೇರಿ ನೀರು. ಟೀವಿಯಲ್ಲಿ ಅದನ್ನು ನೋಡುತ್ತ ಮಾಣಿಗೆ ನೆನಪಾದದ್ದು, 1983ರ ಆ ರಾತ್ರಿ ತಾನು ಬಂದ ರೈಲೂ ಅದೇ ಜೋಲಾರಪೇಟೆಯ ಹಳಿಯ ಮೇಲೆ ಬಂದಿತ್ತೆಂಬುದು.

ಮೈಲಾಪುರದ ಆ ಹೋಟೆಲಿಗೆ ಅವನು ಈಗಲೂ ವಾರಕ್ಕೊಮ್ಮೆ ಹೋಗುತ್ತಾನೆ. ಗಲ್ಲಾದಲ್ಲಿ ಇನ್ನೂ ಒಬ್ಬರು ಕುಂದಾಪುರದವರಿದ್ದಾರೆ, ಒಳಗೆ ಇಲ್ಲ. ಕುಂದಾಪುರದ ಮಾಣಿಗಳು ಈಗ ಪಾತ್ರೆ ತೊಳೆಯಲು ಊರು ಬಿಡುವುದಿಲ್ಲ. ಮೇಜು ಒರೆಸುವವರು, ದೋಸೆ ಹೊಯ್ಯುವವರು ಒಡಿಶಾ, ಅಸ್ಸಾಂ, ಬಂಗಾಳದ ಹುಡುಗರು. ಅವರ ನಾಲಗೆಗೆ ಹಕಾರ ಪಕಾರದ ಸೂತ್ರ ಏನೂ ಪ್ರಯೋಜನವಿಲ್ಲ. ಆದರೂ ‘ರೆಂಡು ಇಡ್ಲಿ, ಒರು ವಡೈ’ ಎಂದು ಕೂಗುವಾಗ ಯಾವ ಸೀಮೆಯವರೆಂದು ಗೊತ್ತಾಗುವುದಿಲ್ಲ.

2019ರ ಆಗಸ್ಟಿನಲ್ಲಿ ಒಬ್ಬ ಹೊಸ ಹುಡುಗ ಬಂದಿದ್ದ. ಒಡಿಶಾದ ಗಂಜಾಂ ಜಿಲ್ಲೆಯವನು, ಮೀಸೆ ಇನ್ನೂ ಬಂದಿಲ್ಲ. ಭಾನುವಾರ ಮಧ್ಯಾಹ್ನ ರಜೆ, ಸಮುದ್ರ ನೋಡಬೇಕಂತೆ. ಗಲ್ಲಾದವರು “ಸ್ವಲ್ಪ ಕರ್ಕಂಡ್ ಹೋಯ್ನಿ, ದಾರಿ ತಪ್ಪುತ್ತ್” ಎಂದು ಮಾಣಿಗೆ ಒಪ್ಪಿಸಿದರು. ಹರಕು ಹಿಂದಿಯಲ್ಲಿ ಮಾತಾಡುತ್ತ ಇಬ್ಬರೂ ನಡೆದರು. ಹುಡುಗ ನೀರಿನ ಕಷ್ಟ ಹೇಳಿದ. ಎದ್ದೇಳುವುದರಲ್ಲಿ ಬಕೆಟ್ಟು ಖಾಲಿಯಾಗಿರುತ್ತದೆ ಎಂದ. ಹೆಸರು ನಿಮ್ಮ ಅಕ್ಷರದಲ್ಲೇ ಬರೆದಿಡು ಎಂದು ಮಾಣಿ ಹೇಳಿಕೊಟ್ಟ. ದಾರಿಯಲ್ಲಿ, ಸಂಜೆಯವರೆಗೆ ಕೂತು ಸೂರ್ಯ ಮುಳುಗುವುದಕ್ಕೆ ಕಾಯಬೇಡ, ಇಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಮುಳುಗುವುದು ಬೆನ್ನ ಹಿಂದೆ ಎಂದೂ ಎಚ್ಚರಿಸಿದ. ಮೂವತ್ತಾರು ವರ್ಷದ ಹಿಂದಿನ ತನ್ನ ಫಜೀತಿಯನ್ನು ಹೇಳಿ ನಗಿಸಬೇಕೆಂದಿದ್ದ.

ಹುಡುಗ ಅರ್ಥವಾಗದೆ ಅವನ ಮುಖ ನೋಡಿದ. “ನಮ್ಮಲ್ಲೂ ಹಾಗೇ ಅಲ್ಲವಾ ಕಾಕಾ” ಎಂದ. ಮರಳು ಸಿಕ್ಕಿದ್ದೇ ಚಪ್ಪಲಿ ಕೈಗೆ ತೆಗೆದುಕೊಂಡು ನೀರಿನ ಕಡೆ ಓಡಿದ. ನಿಂತು ಮೊಬೈಲು ತೆಗೆದು, ಯಾರಿಗೋ ಕರೆ ಮಾಡಿ, ಅಲೆಗಳತ್ತ ತಿರುಗಿಸಿ ಹಿಡಿದ. ಒಡಿಯಾದಲ್ಲಿ ಏನು ಹೇಳಿದನೋ, ಮಾಣಿಗೆ ತಿಳಿದದ್ದು ‘ಸಮುದ್ರ’ ಎಂಬ ಒಂದೇ ಮಾತು. ಎಡಗೈಯನ್ನು ಉತ್ತರಕ್ಕೆ ಚಾಚಿ, ದಂಡೆಯುದ್ದಕ್ಕೂ ನಡೆದರೆ ಮನೆ ಸಿಗುತ್ತದೆ ಎಂಬಂತೆ ತೋರಿಸುತ್ತಿದ್ದ.